ಮಳೆಗೆ ಮುನ್ನ ಮುಚ್ಚಲಾಗದಷ್ಟು ರಸ್ತೆಯನ್ನು ಅಗೆಯಬಾರದು



ಈಚಿನ ವರ್ಷಗಳಲ್ಲಿ ಮಲೆನಾಡಿನ ಇಬ್ಬರು ಬೆಳೆಗಾರರು ಎಲ್ಲಿ ಸೇರಿದರೂ ಮೊದಲು ಬರುವ ಮಾತು ಧಾರಣೆಯದಲ್ಲ, ರಸ್ತೆಯದು. ಜಲ್ಲಿ ರಾಶಿಯ ಮೇಲೆ ಹುಲ್ಲು ಹುಟ್ಟಿತೆಂದು ಒಬ್ಬರೆಂದರೆ, ಮೋರಿಗೆ ತೆಗೆದ ಹೊಂಡದಲ್ಲಿ ಎರಡು ಮಳೆಗಾಲದ ನೀರು ನಿಂತು ಹೋಯಿತೆಂದು ಇನ್ನೊಬ್ಬರು ಹೇಳುತ್ತಾರೆ. ರೋಲರ್ ನಿಂತಲ್ಲೇ ನಿಂತಿದೆ, ಕೆಲಸಗಾರರು ಕಾಣುವುದಿಲ್ಲ, ಕೇಳಿದರೆ ಉತ್ತರಿಸುವವರಿಲ್ಲ ಎಂಬ ದೂರು ಎಲ್ಲ ತಾಲ್ಲೂಕುಗಳಿಂದಲೂ ಕೇಳಿಬರುತ್ತಿದೆ. ಈ ಬೇಸರ ನ್ಯಾಯವಾದದ್ದೇ. ಆದರೆ ಬರಿಯ ಬೇಸರದಿಂದ ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ. ಕೆಲಸ ಏಕೆ ನಿಂತಿದೆ ಎಂದು ತಿಳಿದು, ನಿಲ್ಲಿಸಿದವರನ್ನು ಸರಿಯಾದ ಪ್ರಶ್ನೆ ಕೇಳುವುದು ಹೇಗೆಂಬುದನ್ನು ಈ ಸಂಚಿಕೆಯಲ್ಲಿ ಸದಸ್ಯರ ಮುಂದಿಡಬಯಸುತ್ತೇವೆ.

ಪೇಟೆಯವರಿಗೆ ಹಾಳು ರಸ್ತೆಯೆಂದರೆ ಅರ್ಧ ಗಂಟೆಯ ವಿಳಂಬ. ನಮಗೆ ಅದು ಫಸಲಿನ ಪ್ರಶ್ನೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪ್ ಮಾಡದಿದ್ದರೆ ಅದು ಬಿಸಿಯಾಗಿ ಹುಳಿ ಹಿಡಿಯುತ್ತದೆ. ಕಪ್‌ನಲ್ಲಿ ಆ ವಾಸನೆ ಸಿಕ್ಕಿದರೆ ದರ ಇಳಿಯುತ್ತದೆ. ಪಲ್ಪರ್ ಇಲ್ಲದ ಸಣ್ಣ ಬೆಳೆಗಾರ ಹಣ್ಣನ್ನು ಬೇರೆಡೆಗೆ ಸಾಗಿಸಲೇಬೇಕು. ಕೆಂಪಡಿಕೆ ಮಾಡುವವರಿಗೆ ಗೊನೆ ಇಳಿದ ಮೇಲೆ ಸುಲಿತ, ಬೇಯಿಸುವುದು, ಒಣಗಿಸುವುದು ಒಂದರ ಬೆನ್ನಿಗೊಂದು ಆಗಬೇಕು; ಸುಲಿಯುವವರ ಜೀಪು ಹೊಂಡದಲ್ಲಿ ಸಿಕ್ಕಿಕೊಂಡರೆ ಹಸಿ ಅಡಿಕೆ ಕಾಯುವುದಿಲ್ಲ. ಕೊಳೆರೋಗಕ್ಕೆ ಮೊದಲ ಬೋರ್ಡೋ ದ್ರಾವಣ ಮಳೆ ಹಿಡಿಯುವ ಮೊದಲು ಬೀಳಬೇಕು, ಎರಡನೆಯದು ಅದಾದ 40-45 ದಿನಗಳಿಗೆ. ಆ ಎರಡನೆಯ ಸಿಂಪಡಣೆ ನಟ್ಟನಡು ಮಳೆಗಾಲದಲ್ಲಿ ಬರುತ್ತದೆ. ಮೈಲುತುತ್ತವೂ ಸುಣ್ಣವೂ ಕೊನೆಗಾರನೂ ತೋಟ ತಲುಪಬೇಕಾದದ್ದು ಅದೇ ರಸ್ತೆಯಲ್ಲಿ.

ಇಷ್ಟೇ ಅಲ್ಲ. ಬೇಸಿಗೆಯಲ್ಲಿ ಅಗೆದ ರಸ್ತೆಯ ಧೂಳು ಅಕ್ಕಪಕ್ಕದ ಕಾಫಿ ಎಲೆಗಳ ಮೇಲೆ ಪದರವಾಗಿ ಕೂರುತ್ತದೆ. ಮಳೆಗಾಲದಲ್ಲಿ, ಚರಂಡಿ ಮಾಡದೆ ಬಿಟ್ಟ ರಸ್ತೆಯ ನೀರೆಲ್ಲ ಕೆಳಗಿನ ತೋಟಕ್ಕೆ ನುಗ್ಗುತ್ತದೆ. ಅಡಿಕೆ ತೋಟದ ಬಸಿಗಾಲುವೆಗಳು ಒಮ್ಮೆ ಕೆಂಪು ಮಣ್ಣಿನಿಂದ ತುಂಬಿದರೆ ಅದನ್ನೆತ್ತುವ ಕೂಲಿ ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ. ಅದು ಬೆಳೆಗಾರನ ಲೆಕ್ಕದಲ್ಲೇ ಬರೆಯಲ್ಪಡುತ್ತದೆ. ಬಾಣಂತಿಯರು, ರೋಗಿಗಳು, ಶಾಲೆಯ ಮಕ್ಕಳು ಪಡುವ ಪಾಡನ್ನು ನಾವು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಆದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ನಿಂತಂತೆ ಕಾಣುವ ಕೆಲಸವೆಲ್ಲ ಸೋಮಾರಿತನವಲ್ಲ. ಕಾಂಕ್ರೀಟ್ ಹಾಕಿದ ರಸ್ತೆಗೆ ನೀರುಣಿಸಿ, ಅದು ಬಲಿಯುವವರೆಗೆ ಸುಮಾರು 28 ದಿನ ಭಾರದ ವಾಹನಗಳನ್ನು ಬಿಡಬಾರದು. ಎತ್ತರಿಸಿದ ಮಣ್ಣನ್ನು ಪದರ ಪದರವಾಗಿ ಹಾಸಿ, ನೀರು ಹದವಾಗಿ ಚಿಮುಕಿಸಿ, ರೋಲರ್ ಹೊಡೆದು, ಪರೀಕ್ಷಿಸಿದ ಮೇಲಷ್ಟೇ ಮುಂದಿನ ಪದರ. ಒದ್ದೆ ನೆಲದ ಮೇಲೆ ಡಾಂಬರು ಹಿಡಿಯುವುದಿಲ್ಲ. ಜುಲೈಯಲ್ಲಿ ಡಾಂಬರು ಹಾಕಿರೆಂದು ಒತ್ತಾಯಿಸಿದರೆ ಗಣೇಶನ ಹಬ್ಬಕ್ಕೆ ಅದು ಎದ್ದುಹೋಗುತ್ತದೆ. ಅವಸರದಲ್ಲಿ ಹಾಸಿದ ಪದರ ಮರುವರ್ಷ ಕುಸಿಯುವುದಕ್ಕಿಂತ ಹದಿನೈದು ದಿನ ತಡವಾಗುವುದು ಲೇಸು. ಕಾಫಿಯನ್ನು ಕಣದಲ್ಲಿ ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ಬಲ್ಲ ನಮಗೆ ಇದು ತಿಳಿಯದ ವಿಷಯವಲ್ಲ.

ಈ ಬಗೆಯ ಕಾಯುವಿಕೆ ದಿನಗಳ ಲೆಕ್ಕದ್ದು, ಹೆಚ್ಚೆಂದರೆ ತಿಂಗಳಿನದು. ವರ್ಷಗಟ್ಟಲೆ ನಿಂತ ಕೆಲಸಕ್ಕೆ ಕಾರಣ ರಸ್ತೆಯ ಮೇಲಿರುವುದಿಲ್ಲ, ಕಡತದಲ್ಲಿರುತ್ತದೆ. ಜಾಗ ಪೂರ್ತಿ ಸ್ವಾಧೀನವಾಗಿರುವುದಿಲ್ಲ. ಅರಣ್ಯದ ಅನುಮತಿ ಬಂದಿರುವುದಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಉಪಯೋಗಕ್ಕೆ ಕೊಡಲು ಕೇಂದ್ರದ ಒಪ್ಪಿಗೆ ಬೇಕು. ವಿದ್ಯುತ್ ಕಂಬ, ಕುಡಿಯುವ ನೀರಿನ ಪೈಪು ಸರಿಸಬೇಕಾದ ಇಲಾಖೆ, ರಸ್ತೆಯವರು ಹಣ ಕಟ್ಟಲಿ ಎನ್ನುತ್ತದೆ; ರಸ್ತೆಯವರು ಅಂದಾಜುಪಟ್ಟಿ ಬರಲಿ ಎನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯಂತೆ ಇಲ್ಲಿ ಬಡವಾಗುವುದು ದಾರಿಹೋಕ. ಇನ್ನು ಕೆಲವೆಡೆ ಮುಖ್ಯ ಗುತ್ತಿಗೆದಾರ ಉಪಗುತ್ತಿಗೆದಾರನಿಗೆ, ಅವನು ಮತ್ತೊಬ್ಬನಿಗೆ ಕೆಲಸ ದಾಟಿಸಿರುತ್ತಾನೆ. ಮೇಲಿನಿಂದ ಹಣ ಇಳಿಯುವುದು ನಿಂತೊಡನೆ ಕೆಳಗೆ ಯಂತ್ರ ನಿಲ್ಲುತ್ತದೆ.

ಇಲ್ಲಿ ಸದಸ್ಯರು ಗಮನಿಸಬೇಕಾದ ಒಂದು ಅಂಶವಿದೆ. ತಡವಾದರೆ ಗುತ್ತಿಗೆದಾರನಿಗೆ ದಂಡ ಹಾಕುವ ಷರತ್ತು ಕರಾರಿನಲ್ಲಿ ಇದ್ದೇ ಇರುತ್ತದೆ. ಆದರೆ ಕೊಡಬೇಕಾದ ಜಾಗವನ್ನು ಸರ್ಕಾರವೇ ಸಕಾಲಕ್ಕೆ ಕೊಡದಿದ್ದರೆ ಆ ದಂಡ ಹಾಕಲು ಬರುವುದಿಲ್ಲ. ಬದಲಿಗೆ ಗುತ್ತಿಗೆದಾರನಿಗೆ ಅವಧಿ ವಿಸ್ತರಣೆ ಕೊಡಬೇಕಾಗುತ್ತದೆ, ಎಷ್ಟೋ ವೇಳೆ ಪರಿಹಾರವನ್ನೂ ಕೊಡಬೇಕಾಗುತ್ತದೆ. ಹೀಗಾಗಿ ಜಾಗ ಕೈಗೆ ಬರುವ ಮೊದಲೇ ಶಂಕುಸ್ಥಾಪನೆ ಮಾಡಿದರೆ ಕೆಲಸ ಬೇಗ ಆರಂಭವಾದಂತೆ ಕಾಣುತ್ತದೆಯೇ ವಿನಾ, ಮುಗಿಸಲೇಬೇಕೆಂದು ಯಾರನ್ನೂ ಕಟ್ಟಿಹಾಕಿದಂತಾಗುವುದಿಲ್ಲ.

ಇದಕ್ಕೆ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಬೆಂಗಳೂರು-ಮಂಗಳೂರು ಹೆದ್ದಾರಿ, ಹಿಂದಿನ 48, ಈಗಿನ ರಾಷ್ಟ್ರೀಯ ಹೆದ್ದಾರಿ 75, ಕಾಫಿ ಸೀಮೆಯನ್ನೂ ಅಡಿಕೆ ಸೀಮೆಯನ್ನೂ ಬಂದರಿಗೆ ಸೇರಿಸುವ ದಾರಿ. ಇದರ ಶಿರಾಡಿ ಘಾಟಿ ಭಾಗವನ್ನು ಕಾಂಕ್ರೀಟ್ ಮಾಡಲು 2015ರ ಜನವರಿಯಲ್ಲಿ ಸಂಚಾರ ಮುಚ್ಚಿ, ಕೆಂಪುಹೊಳೆಯವರೆಗಿನ ಸುಮಾರು 13 ಕಿಲೋಮೀಟರ್ ಮುಗಿಸಿ ಆಗಸ್ಟ್‌ನಲ್ಲಿ ತೆರೆದರು. ಕೆಂಪುಹೊಳೆಯಿಂದ ಅಡ್ಡಹೊಳೆಯವರೆಗಿನ ಉಳಿದ ಸುಮಾರು 12 ಕಿಲೋಮೀಟರನ್ನು 2018ರ ಜನವರಿಯಲ್ಲಿ ಮುಚ್ಚಿ ಜುಲೈ ನಡುವೆ ತೆರೆದರು. ಚಾರ್ಮಾಡಿ, ಸಂಪಾಜೆಗಳನ್ನು ಸುತ್ತಿ ನಾವೆಲ್ಲ ಕಷ್ಟಪಟ್ಟೆವು, ನಿಜ. ಆದರೆ ಕಷ್ಟಕ್ಕೊಂದು ಕೊನೆಯ ದಿನವಿತ್ತು.

ಅದೇ ಹೆದ್ದಾರಿಯ ಇನ್ನೆರಡು ತುಂಡುಗಳ ಕಥೆ ಬೇರೆ. ಹಾಸನದಿಂದ ಮಾರನಹಳ್ಳಿಯವರೆಗಿನ ಸುಮಾರು 45 ಕಿಲೋಮೀಟರಿನ ಚತುಷ್ಪಥ ಕಾಮಗಾರಿ 2017ರ ಸುಮಾರಿಗೆ ಕೈಗೆತ್ತಿಕೊಂಡದ್ದು. 2024ರ ಮಳೆಗಾಲ ಬಂದಾಗಲೂ ಅದು ಪೂರ್ಣವಾಗಿರಲಿಲ್ಲ. ಘಟ್ಟದ ಕೆಳಗೆ ಅಡ್ಡಹೊಳೆಯಿಂದ ಬಿ.ಸಿ.ರೋಡಿನವರೆಗೆ ಮೊದಲು ವಹಿಸಿಕೊಂಡವರು ನಡುವೆಯೇ ಕೈಬಿಟ್ಟರು. ಕೆಲಸವನ್ನು ಎರಡು ಭಾಗ ಮಾಡಿ ಮತ್ತೆ ಟೆಂಡರು ಕರೆಯಬೇಕಾಯಿತು. ಅದೂ 2024ರಲ್ಲಿ ಮುಗಿದಿರಲಿಲ್ಲ.

ಒಂದೇ ಹೆದ್ದಾರಿ, ಒಂದೇ ಮಳೆ. ಘಾಟಿಯ ಕೆಲಸ ಆರೇಳು ತಿಂಗಳಲ್ಲಿ ಮುಗಿದದ್ದು ಏಕೆ? ಅಲ್ಲಿ ಹೊಸದಾಗಿ ಹಿಡಿಯಬೇಕಾದ ಜಾಗ ಹೆಚ್ಚಿರಲಿಲ್ಲ, ಇದ್ದ ರಸ್ತೆಯ ಮೇಲೇ ಕೆಲಸ, ಸಂಚಾರ ಮುಚ್ಚಿತ್ತು, ಎಲ್ಲಕ್ಕಿಂತ ಮಿಗಿಲಾಗಿ, ಮುಚ್ಚಿದ ದಾರಿಯನ್ನು ಎಂದು ತೆರೆಯುತ್ತೀರೆಂದು ಎರಡು ಜಿಲ್ಲೆಗಳ ಜನ ದಿನವೂ ಕೇಳುತ್ತಿದ್ದರು. ಚತುಷ್ಪಥದಲ್ಲಿ ಜಾಗ, ಮರ, ಕಂಬ, ಸೇತುವೆ ಎಲ್ಲವೂ ಹೊಸದು. ಆದ್ದರಿಂದ ಎರಡನ್ನೂ ಒಂದೇ ಗಜಕಡ್ಡಿಯಿಂದ ಅಳೆಯುವುದು ಸರಿಯಲ್ಲ. ಆದರೆ ಪಾಠ ಸ್ಪಷ್ಟವಾಗಿದೆ: ಎಲ್ಲ ಸಿದ್ಧಮಾಡಿಕೊಂಡು, ಮುಗಿಸಬಲ್ಲಷ್ಟು ಉದ್ದವನ್ನು ಮಾತ್ರ ಹಿಡಿದರೆ ಮಲೆನಾಡಿನಲ್ಲೂ ಕೆಲಸ ಮುಗಿಯುತ್ತದೆ. ಸಿದ್ಧತೆಯಿಲ್ಲದೆ ಉದ್ದಕ್ಕೂ ಅಗೆದು ಹರಡಿದರೆ ಎಲ್ಲ ಕಡೆಯೂ ಅರ್ಧವಾಗಿ ನಿಲ್ಲುತ್ತದೆ.

ಸದಸ್ಯರಲ್ಲಿ ಹಿರಿಯರಿಗೆ ರೈಲಿನ ನೆನಪೂ ಇರಬೇಕು. ಹಾಸನ-ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ಣವಾಯಿತು. ಬ್ರಾಡ್‌ಗೇಜ್ ಮಾಡುವುದಕ್ಕೆಂದು 1996ರಲ್ಲಿ ಅದನ್ನು ನಿಲ್ಲಿಸಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಕೊನೆಯಲ್ಲಿ. ಹನ್ನೊಂದು ವರ್ಷ ಘಟ್ಟದಲ್ಲಿ ಜನರಿಗೆ ರೈಲೇ ಇರಲಿಲ್ಲ. ಇದ್ದದ್ದನ್ನು ಕಿತ್ತುಹಾಕುವ ದಿನಾಂಕವನ್ನು ಗೊತ್ತುಮಾಡಿ, ಮತ್ತೆ ಕೊಡುವ ದಿನಾಂಕವನ್ನು ದೇವರಿಗೆ ಬಿಟ್ಟರೆ ಹೀಗಾಗುತ್ತದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಧರೆ ಕಡಿಯುವ ಯಂತ್ರ ಒಂದು ವಾರದಲ್ಲಿ ಅರ್ಧ ಗುಡ್ಡ ತೆಗೆಯುತ್ತದೆ. ತಡೆಗೋಡೆ ಕಟ್ಟುವುದಕ್ಕೆ, ನೀರಿಗೆ ದಾರಿ ಮಾಡುವುದಕ್ಕೆ, ಇಳಿಜಾರಿನಲ್ಲಿ ಹುಲ್ಲು ಹಿಡಿಸುವುದಕ್ಕೆ ತಿಂಗಳುಗಳೇ ಬೇಕು. ಆ ನಡುವಿನ ಹೊತ್ತಿನಲ್ಲಿ ಮಳೆ ಬಂದರೆ ಗುಡ್ಡ ತಾನೇ ಇಳಿದು ಬರುತ್ತದೆ. 2018ರ ಜುಲೈನಲ್ಲಿ ತೆರೆದ ಶಿರಾಡಿ ಘಾಟಿ ಆಗಸ್ಟ್‌ನ ಮಹಾಮಳೆಗೆ ಮತ್ತೆ ಮುಚ್ಚಿತು. ಕೈಕೊಟ್ಟದ್ದು ಹೊಸ ಕಾಂಕ್ರೀಟಿಗಿಂತ ಹೆಚ್ಚಾಗಿ ಅದರ ಮೇಲೂ ಕೆಳಗೂ ಇದ್ದ ಧರೆ. ಅದೇ ಮಳೆಯಲ್ಲಿ ಮಡಿಕೇರಿ-ಸಂಪಾಜೆ ದಾರಿಯೂ ಜೋಡುಪಾಲದ ಬಳಿ ಕಡಿದುಹೋಯಿತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಲು ಬಳಿ, ಅಗಲೀಕರಣಕ್ಕೆಂದು ನೆಟ್ಟಗೆ ಕಡಿದ ಧರೆ ಮತ್ತೆ ಮತ್ತೆ ಜಾರಿತು. ಅದೇ ತಿಂಗಳು ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ರೈಲೂ ನಿಂತಿತು. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ 66ರ ಪಕ್ಕದ ಗುಡ್ಡ ಗಂಗಾವಳಿ ಹೊಳೆಯವರೆಗೆ ಜಾರಿ ಹಲವರು ಪ್ರಾಣ ಕಳೆದುಕೊಂಡರು.

ಇವೆಲ್ಲಕ್ಕೂ ವಿಳಂಬವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಮಳೆ ಅಸಾಧಾರಣವಾಗಿತ್ತು, ಗುಡ್ಡಗಳ ಸ್ಥಿತಿಯೂ ಒಂದೊಂದು ಕಡೆ ಒಂದೊಂದು ಬಗೆ. ಆದರೆ ಕಡಿದು ಬಿಟ್ಟ, ರಕ್ಷಣೆ ಕಟ್ಟದ ಧರೆ ಮಳೆಗೆ ಮೊದಲು ಬಲಿಯಾಗುತ್ತದೆಂಬುದು ತೋಟದ ಬದು ಹಾಕಿದ ಯಾರಿಗೂ ಗೊತ್ತಿರುವ ಸಂಗತಿ. ಅರೆಬರೆ ರಸ್ತೆ ಪೂರ್ಣ ರಸ್ತೆಗಿಂತಲೂ, ಹಳೆಯ ರಸ್ತೆಗಿಂತಲೂ ಅಪಾಯಕಾರಿ. ಆದ್ದರಿಂದಲೇ ನಮ್ಮ ಬೇಡಿಕೆ 'ಬೇಗ ಮಾಡಿ' ಎಂಬುದಲ್ಲ. ಬೇಗ ಮಾಡಿ ಎಂದರೆ ಮೇ ತಿಂಗಳಲ್ಲಿ ಇನ್ನೆರಡು ಯಂತ್ರ ತಂದು ಇನ್ನೂ ಹೆಚ್ಚು ಅಗೆಯುತ್ತಾರೆ. ನಮ್ಮ ಬೇಡಿಕೆ ಇದು: ಮಳೆಗೆ ಮುನ್ನ ಮುಚ್ಚಲಾಗದಷ್ಟು ಅಗೆಯಬೇಡಿ.

ಮಲೆನಾಡಿನಲ್ಲಿ ರಸ್ತೆ ಕೆಲಸಕ್ಕೆ ಸಿಗುವ ಕಾಲ ನವೆಂಬರಿನಿಂದ ಮೇ ನಡುವಿನವರೆಗೆ. ಅನೇಕ ಕಡೆ ನಡೆಯುವುದೇನು? ಮಾರ್ಚ್ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಕಾರ್ಯಾದೇಶ ಹೊರಡುತ್ತದೆ. ಏಪ್ರಿಲ್‌ನಲ್ಲಿ ಮರ ಕಡಿಯುತ್ತಾರೆ. ಮೇ ತಿಂಗಳಲ್ಲಿ ಅಗೆಯುತ್ತಾರೆ. ರೋಹಿಣಿ ಕಳೆದು ಮೃಗಶಿರ ಹಿಡಿದೊಡನೆ ಯಂತ್ರ ಕೆಳಗಿಳಿಯುತ್ತದೆ. ಟೆಂಡರು, ಜಾಗ, ಮರ, ಕಂಬಗಳ ವಿಲೇವಾರಿಯನ್ನು ಮಳೆಗಾಲದಲ್ಲೇ ಮುಗಿಸಿ, ದೀಪಾವಳಿ ಕಳೆದೊಡನೆ ಗುದ್ದಲಿ ಹಾಕುವಂತಾದರೆ ಆರು ತಿಂಗಳ ಪೂರ್ತಿ ಕೆಲಸ ಸಿಗುತ್ತದೆ. ಕಚೇರಿಯ ಕೆಲಸಕ್ಕೆ ಮಳೆಯ ಅಡ್ಡಿಯೇನೂ ಇಲ್ಲವಷ್ಟೆ.

ಹೀಗೆ ತುಂಡು ತುಂಡಾಗಿ ಮಾಡಿದರೆ ರಸ್ತೆ ಇನ್ನೂ ತಡವಾಗುವುದಿಲ್ಲವೇ, ಯಂತ್ರಗಳನ್ನು ಮತ್ತೆ ಮತ್ತೆ ತರುವ ಖರ್ಚು ಹೆಚ್ಚುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಖರ್ಚು ಸ್ವಲ್ಪ ಹೆಚ್ಚಬಹುದು. ಆದರೆ ಅರ್ಧ ಕಟ್ಟಿದ ಮೋರಿ ಕೊಚ್ಚಿಹೋದಾಗ, ಹಾಕಿದ ಜಲ್ಲಿ ಹೊಳೆ ಸೇರಿದಾಗ ಆಗುವ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ವರ್ಷಕ್ಕೆ ಐದು ಕಿಲೋಮೀಟರ್ ಪೂರ್ತಿ ಮುಗಿದರೆ ಆ ಐದು ಕಿಲೋಮೀಟರಿನ ಜನ ನೆಮ್ಮದಿಯಿಂದಿರುತ್ತಾರೆ. ಇಪ್ಪತ್ತು ಕಿಲೋಮೀಟರ್ ಅರ್ಧವಾದರೆ ಯಾರಿಗೂ ಏನೂ ಸಿಕ್ಕಿದಂತಾಗುವುದಿಲ್ಲ.

ಈ ದಿಶೆಯಲ್ಲಿ ಸಂಬಂಧಪಟ್ಟವರ ಮುಂದೆ ನಾವಿಡುವ ಬೇಡಿಕೆಗಳು ಇಂತಿವೆ.

ಒಂದು: ಯಾವ ತುಂಡಿನ ಜಾಗ, ಅರಣ್ಯಾನುಮತಿ, ಕಂಬ-ಪೈಪುಗಳ ತೆರವು ಮುಗಿದಿದೆಯೋ ಆ ತುಂಡನ್ನು ಮಾತ್ರ ಅಗೆಯಬೇಕು.

ಎರಡು: ಮೇ 15ರ ಹೊತ್ತಿಗೆ, ಮುಗಿದಿರಲಿ ಮುಗಿಯದಿರಲಿ, ತೆರೆದ ಭಾಗವನ್ನೆಲ್ಲ ಮಳೆಗೆ ಸಜ್ಜುಗೊಳಿಸಬೇಕು. ಚರಂಡಿ ತೋಡಿರಬೇಕು, ಮೋರಿಯಲ್ಲಿ ನೀರು ಹರಿಯುವಂತಿರಬೇಕು, ಕಡಿದ ಧರೆಗೆ ರಕ್ಷಣೆಯಿರಬೇಕು, ವಾಹನ ಹೋಗುವಷ್ಟು ಗಟ್ಟಿ ದಾರಿಯಿರಬೇಕು. ಇದನ್ನು ಕರಾರಿನಲ್ಲೇ ಬರೆದು, ಇದಕ್ಕೆ ಬೇರೆಯಾಗಿಯೇ ಹಣ ಇಡಬೇಕು.

ಮೂರು: ರಸ್ತೆಯ ನೀರನ್ನು ಯಾವ ತೋಟಕ್ಕೂ ತಿರುಗಿಸದೆ ಸಹಜವಾದ ಹಳ್ಳಕ್ಕೆ ಮುಟ್ಟಿಸಬೇಕು. ಮೋರಿಯ ಜಾಗ ಗೊತ್ತುಮಾಡುವ ಮೊದಲು ಅಕ್ಕಪಕ್ಕದ ತೋಟದವರನ್ನು ಕೇಳಬೇಕು. ಮಳೆಗಾಲದಲ್ಲಿ ನೀರು ಎಲ್ಲಿ ಬರುತ್ತದೆಂದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನಾಲ್ಕು: ಕೆಲಸ ನಿಂತಾಗ, ಏಕೆ ನಿಂತಿದೆ, ಯಾರ ಬಳಿ ನಿಂತಿದೆ, ಎಂದು ಮುಂದುವರಿಯುತ್ತದೆ ಎಂಬ ಮೂರು ಸಾಲನ್ನು ರಸ್ತೆ ಬದಿಯ ಫಲಕದಲ್ಲಿ ಬರೆದು ಹಾಕಬೇಕು. ಇದಕ್ಕೆ ಬೇಕಾದದ್ದು ಒಂದು ಡಬ್ಬಿ ಬಣ್ಣ ಮಾತ್ರ.

ಇವು ಅವರಿಗೆ. ನಮ್ಮ ಪಾಲಿನ ಕೆಲಸವೂ ಇದೆ. 'ಕೆಲಸ ಏಕೆ ಆಗಿಲ್ಲ' ಎಂದು ಕೇಳಿದರೆ 'ಪ್ರಗತಿಯಲ್ಲಿದೆ' ಎಂಬ ಉತ್ತರ ಬರುತ್ತದೆ. ಅದರ ಬದಲು ಕಾಗದವನ್ನು ಕೇಳಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಕಾರ್ಯಾದೇಶದ ದಿನಾಂಕ, ಮುಗಿಸಬೇಕಾದ ದಿನಾಂಕ, ಕೊಟ್ಟ ಅವಧಿ ವಿಸ್ತರಣೆಗಳು ಮತ್ತು ಅವುಗಳ ಕಾರಣ, ಇದುವರೆಗೆ ಪಾವತಿಯಾದ ಬಿಲ್ಲುಗಳು, ಇವುಗಳ ಪ್ರತಿ ಕೇಳಬಹುದು. ರಾಜ್ಯದ ಕಚೇರಿಗಳಿಗೆ ಬರೆಯುವಾಗ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ ಇರಲಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಕಾಗದ ಮಾತ್ರವಲ್ಲ, ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಸಹ ಆ ಕಾಯಿದೆ ಹಕ್ಕು ಕೊಟ್ಟಿದೆ. ಇದನ್ನು ಬಹಳ ಮಂದಿ ಬಳಸಿಕೊಂಡಿಲ್ಲ.

ಹಳ್ಳಿಯ ರಸ್ತೆಗಳ ವಿಷಯದಲ್ಲಿ ಇನ್ನೊಂದು ಮಾತು. 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನಿರ್ವಹಿಸಬೇಕು. ರಸ್ತೆಯ ತುದಿಯ ಫಲಕವನ್ನು ಓದಿ, ಮುಗಿದ ದಿನಾಂಕ ಬರೆದಿಟ್ಟುಕೊಳ್ಳಿ. ಐದು ವರ್ಷದೊಳಗೆ ಗುಂಡಿ ಬಿದ್ದರೆ ಅದನ್ನು ಮುಚ್ಚುವ ಹೊಣೆ ಅವರದೇ; ಅದಕ್ಕೆ ಹೊಸ ಅನುದಾನಕ್ಕಾಗಿ ಯಾರ ಮನೆ ಬಾಗಿಲಿಗೂ ಹೋಗಬೇಕಾಗಿಲ್ಲ.

ಜಾಗ ಹೋಗುವ ಸದಸ್ಯರಿಗೆ ನಮ್ಮ ಕಿವಿಮಾತು: ರಸ್ತೆಗೆ ಜಾಗ ಕೊಡುವುದು ಎಂದರೆ ಪರಿಹಾರ ಬಿಟ್ಟುಕೊಡುವುದೆಂದಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಪ್ರಕಾರ ಪ್ರಕಟಣೆಯಾದ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಸ್ವಾಧೀನಕ್ಕೆ ತೆಗೆದುಕೊಳ್ಳುವ ಮೊದಲು ಪರಿಹಾರದ ಹಣ ಠೇವಣಿಯಾಗಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಿಕೆಗೆ ಹೋಗಬಹುದು. 2013ರ ಭೂಸ್ವಾಧೀನ ಕಾಯಿದೆಯ ಪರಿಹಾರದ ನಿಯಮಗಳು 2015ರಿಂದ ಹೆದ್ದಾರಿಗೂ ಅನ್ವಯಿಸುತ್ತವೆ. ಕಾಫಿ ಗಿಡ, ಅಡಿಕೆ ಮರ, ಮೆಣಸಿನ ಬಳ್ಳಿ, ನೆರಳಿನ ಮರಗಳನ್ನು ಎಣಿಸುವಾಗ ಮಾಲೀಕರು ಖುದ್ದಾಗಿ ನಿಂತು ಎಣಿಸಿಸಬೇಕು. ಪಹಣಿ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ, ಪೋಡಿಯಾಗದೆ ಜಂಟಿಯಾಗಿದ್ದರೆ, ಕೊಡಗಿನ ಜಮ್ಮಾ ಬಾಣೆಯಂತೆ ಹಲವರ ಹಕ್ಕು ಕೂಡಿದ್ದರೆ, ಪರಿಹಾರವೂ ನಿಲ್ಲುತ್ತದೆ, ಅದರೊಡನೆ ರಸ್ತೆಯೂ ನಿಲ್ಲುತ್ತದೆ. ನೋಟೀಸು ಬರುವವರೆಗೆ ಕಾಯದೆ ಪೌತಿ ಖಾತೆ ಮಾಡಿಸಿಕೊಳ್ಳುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಒಬ್ಬೊಬ್ಬರೇ ಹೋಗಿ ಜೆ.ಸಿ.ಬಿ. ಚಾಲಕನೊಡನೆ ಜಗಳವಾಡುವುದರಿಂದ ಪ್ರಯೋಜನವಿಲ್ಲ. ಅವನೂ ನಮ್ಮ ಹಾಗೆ ಕಾಯುತ್ತಿರುವವನೇ, ಸಂಬಳ ಬಾರದೆ ಕಾಯುತ್ತಿದ್ದರೂ ಆಶ್ಚರ್ಯವಿಲ್ಲ. ಒಂದು ರಸ್ತೆಯನ್ನು ಬಳಸುವ ಸದಸ್ಯರೆಲ್ಲ ಸೇರಿ ಒಂದೇ ಪ್ರಶ್ನೆಪತ್ರ ತಯಾರಿಸಿ, ಏಪ್ರಿಲ್ ಮುಗಿಯುವುದರೊಳಗೆ ಕಾರ್ಯಪಾಲಕ ಇಂಜಿನಿಯರರಿಗೂ ಜಿಲ್ಲಾಧಿಕಾರಿಗಳಿಗೂ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಗ್ರಾಮಸಭೆಯ ನಡವಳಿಯಲ್ಲಿ ಅದನ್ನು ಬರೆಸಬೇಕು. ಪ್ರಶ್ನೆ ಇಷ್ಟೇ ಸಾಕು: ಈಗ ತೆರೆದಿರುವ ಉದ್ದ ಎಷ್ಟು? ಮೇ 15ಕ್ಕೆ ಮುಚ್ಚುವ ಉದ್ದ ಎಷ್ಟು? ಉಳಿದದ್ದರಲ್ಲಿ ನೀರು ಹೋಗುವ ದಾರಿ ಯಾವುದು?

ಈ ಮೂರಕ್ಕೂ ಲೆಕ್ಕ ಕೊಡಬಲ್ಲ ಇಂಜಿನಿಯರರಿದ್ದಲ್ಲಿ ಕೆಲಸ ಸ್ವಲ್ಪ ತಡವಾದರೂ ಸಹಿಸಿಕೊಳ್ಳೋಣ, ಸಹಕಾರವನ್ನೂ ಕೊಡೋಣ. ಲೆಕ್ಕ ಕೊಡಲಾಗದಿದ್ದಲ್ಲಿ, ಮುಂದಿನ ಒಂದು ಗಜವನ್ನೂ ಅಗೆಯದಂತೆ ಕೇಳುವ ಹಕ್ಕು ಆ ದಾರಿಯಲ್ಲಿ ಫಸಲು ಸಾಗಿಸುವ ನಮಗಿದೆ.